ಗರ್ಕಿನ್ ಅನ್ನೋ ಹೆಸರು ಯಾವ ಭಾಷೆಯದ್ದು? ಸ್ಲಾವಿಕ್ ಅಂತಾರೆ, ಹೌದಾ?

ಹಡಗಲಿ_ಹೊಲ
ನಮ್ಮ ಕಡೆ ಗರ್ಕಿನ್, ಅಂದರೆ ಉಪ್ಪಿನಕಾಯಿಗೆ ಹೋಗುವ ಪುಟ್ಟ ಸೌತೆ, ಹಾಕುವವರು ಜಾಸ್ತಿ. ಕಂಪನಿಯವರೇ ಬೀಜ, ಗೊಬ್ಬರ ಕೊಡುತ್ತಾರೆ, ಕಾಯಿ ಅವರೇ ಒಯ್ಯುತ್ತಾರೆ. ಕೆಲವರು ಮಿಡಿ ಸೌತೆ ಅಂತಾರೆ, ಹೆಚ್ಚಿನವರು ಗರ್ಕಿನ್ ಅಂತಾರೆ, ನಮ್ಮಜ್ಜಿ ಮಾತ್ರ ಜರ್ಕಿನ್ ಕಾಯಿ ಅಂತಾಳೆ. ಊರಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ. ಎಲ್ಲಾ ಡ್ರಮ್ಮಿಗೆ ಬಿದ್ದು ಹಡಗು ಹತ್ತುತ್ತದೆ.

ಇದು ಇಂಗ್ಲಿಷ್ ಪದ ಅಂತಲೇ ತಿಳಿದಿದ್ದೆ. ಮೊನ್ನೆ ಕಾಯಿ ನೋಡಲು ಬಂದವರೊಬ್ಬರು "ಇದು ಪೋಲೆಂಡ್, ರಷ್ಯಾ ಕಡೆ ಪದ, ಸ್ಲಾವಿಕ್" ಅಂದರು. ಹೇಗೆ ಅಂದರೆ ನಕ್ಕು ಗಾಡಿ ಹತ್ತಿದರು. ಗೊತ್ತಿದ್ದವರು ಬಿಡಿಸಿ ಹೇಳಿ. ಅಲ್ಲಿ ಇದು ನಮ್ಮ ಸೌತೆಕಾಯಿ ಥರ ಮನೆಮಾತಿನ ಪದವೋ, ಇಲ್ಲ ಬರೀ ಉಪ್ಪಿನಕಾಯಿಯ ಹೆಸರೋ?

ತುಮಕೂರು_ತರಲೆ
ಅಜ್ಜಿಯೇ ಸರಿ. ಚಳಿ ದೇಶಕ್ಕೆ ಹೋಗುವ ಕಾಯಿ, ಜರ್ಕಿನ್ ಹಾಕಿಕೊಂಡೇ ಹೋಗಬೇಕು.

ನಿಘಂಟು_ಹುಳ
ಬಂದವರು ಹೇಳಿದ್ದು ಸರಿ, ಆದರೆ ಅರ್ಧ. ಹಿಂದಿನಿಂದ ಬರೋಣ.

ಇಂಗ್ಲಿಷಿಗೆ ಇದು ಡಚ್ಚರಿಂದ ಬಂತು. ಹಳೆಯ ಡಚ್ಚಿನಲ್ಲಿ 'ಗುರ್ಕೈನ್' ಥರದ ರೂಪ ಇತ್ತು. ಕೊನೆಯ 'ಕೈನ್' ಅಂದರೆ ಪುಟ್ಟದು. ಇಂಗ್ಲಿಷಿನ ನ್ಯಾಪ್‌ಕಿನ್, ಲ್ಯಾಂಬ್‌ಕಿನ್‌ಗಳಲ್ಲಿ ಇರುವುದೂ ಅದೇ ಬಾಲ. ಅಂದರೆ ಗರ್ಕಿನ್ ಅಂದರೆ ಪುಟ್ಟ ಗುರ್ಕ್, ಪುಟ್ಟ ಸೌತೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1661ರ ಡಿಸೆಂಬರಿನಲ್ಲಿ ದಿನಚರಿಯಲ್ಲಿ ಬರೆದಿದ್ದಾನೆ: ಹೆಂಡತಿಗೆ ಉಡುಗೊರೆ ಬಂದ ಗರ್ಕಿನ್ ಸೀಸೆಯನ್ನು ಇವತ್ತು ತೆರೆದೆವು, ಅಪರೂಪದ ವಸ್ತು ಅಂತ. ಆಗ ಸ್ಪೆಲ್ಲಿಂಗಿನಲ್ಲಿ 'ಎಚ್' ಇರಲಿಲ್ಲ. ಅಜ್ಜಿಯಂತೆ ಜನ 'ಜ' ಅಂತ ಓದಬಾರದು ಅಂತಲೇ ಅದನ್ನು ಆಮೇಲೆ ತುರುಕಿದ್ದು.

ಡಚ್ಚರಿಗೆ ಬಂದದ್ದು ಉತ್ತರ ಜರ್ಮನಿಯ ಕಡೆಯಿಂದ. ಜರ್ಮನ್ನರಿಗೆ ಬಂದದ್ದು ಪಕ್ಕದ ಸ್ಲಾವ್ ಜನರಿಂದ. ಪೋಲಿಷ್‌ನಲ್ಲಿ ಒಗುರೆಕ್, ಚೆಕ್‌ನಲ್ಲಿ ಒಕುರ್ಕಾ, ಸ್ಲೊವಾಕ್‌ನಲ್ಲಿ ಉಹೊರ್ಕಾ, ಉಕ್ರೇನಿಯನ್‌ನಲ್ಲಿ ಒಹಿರೊಕ್. ರಷ್ಯನ್‌ನಲ್ಲಿ ಒಗುರೆಟ್ಸ್ ಅಂತ ಬರೆಯುತ್ತಾರೆ, ಬಾಯಲ್ಲಿ ಅಗುರ್ಯೆಟ್ಸ್ ಆಗುತ್ತದೆ. ಇದೆಲ್ಲಾ ಮಾಮೂಲಿ ಸೌತೆಕಾಯಿ, ಉಪ್ಪಿನಕಾಯಿ ಮಾತ್ರ ಅಲ್ಲ. ಅಲ್ಲಿ ಪ್ರತಿ ಅಡುಗೆಮನೆಯಲ್ಲಿ ದಿನಾ ಕೇಳುವ ಪದ.

ಆದರೆ ಸ್ಲಾವ್ ಜನರಿಗೂ ಇದು ಸ್ವಂತದ್ದಲ್ಲ. ಕಾನ್‌ಸ್ಟಾಂಟಿನೋಪಲ್ ಕಾಲದ ಗ್ರೀಕಿನ 'ಅಂಗೂರಿಯಾನ್' ಅವರ ಕೈಗೆ ಬಂತು. ಅದರ ಹಿಂದೆ 'ಅಗೂರೋಸ್', ಅಂದರೆ ಎಳಸು, ಹಣ್ಣಾಗದ್ದು. ಸೌತೆಯನ್ನು ಎಳೆಯದಾಗಿರುವಾಗಲೇ ಕೊಯ್ಯುತ್ತೇವಲ್ಲ, ಹಾಗಾಗಿ.

ಬರ್ಲಿನ್_ಬಸವ
ಜರ್ಮನಿಯಲ್ಲಿ ಈಗ ಇದು 'ಗುರ್ಕೆ'. ಮೊದಲಿನ 'ಅ', 'ಒ' ಉದುರಿ ಹೋಗಿದೆ. ಡಚ್ಚರು ಮಾತ್ರ 'ಔಗುರ್ಕ್' ಅಂತ ಉಳಿಸಿಕೊಂಡಿದ್ದಾರೆ. ಅವರಲ್ಲಿ ಔಗುರ್ಕ್ ಅಂದರೆ ಉಪ್ಪಿನಕಾಯಿ ಸೌತೆ, ಹಸಿ ಸೌತೆಗೆ ಕೊಮ್‌ಕೊಮ್ಮರ್ ಅಂತ ಬೇರೆ ಪದ ಇದೆ. ಜರ್ಮನ್ನರಿಗೆ ಎರಡೂ ಗುರ್ಕೆಯೇ.

ಇಲ್ಲಿ ಬೈಗುಳಕ್ಕೂ ಬರುತ್ತದೆ. ಕೆಟ್ಟದಾಗಿ ಆಡುವ ಫುಟ್‌ಬಾಲ್ ತಂಡ 'ಗುರ್ಕೆನ್‌ಟ್ರುಪ್ಪೆ', ಸೌತೆಕಾಯಿ ಪಡೆ. ಗುಜರಿ ಕಾರಿಗೂ ಗುರ್ಕೆ, ದೊಡ್ಡ ಮೂಗಿಗೂ ಗುರ್ಕೆ. ಸುಮ್ನೆ ಗಾಡಿಯಲ್ಲಿ ಊರು ಸುತ್ತುವುದಕ್ಕೆ 'ಹೆರುಮ್‌ಗುರ್ಕೆನ್' ಅಂತ ಕ್ರಿಯಾಪದವೇ ಇದೆ.

ಬರ್ಲಿನ್ನಿನಿಂದ ಆಗ್ನೇಯಕ್ಕೆ 100 ಕಿಲೋಮೀಟರ್ ಹೋದರೆ ಸ್ಪ್ರೇವಾಲ್ಡ್. ಕಾಲುವೆ, ದೋಣಿ, ಸೌತೆಕಾಯಿ, ಅಷ್ಟೇ ಊರು. ಅಲ್ಲಿನ ಉಪ್ಪಿನಕಾಯಿಗೆ 1999ರಿಂದ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಅಲ್ಲಿನ ಮೂಲ ಜನ ಸೋರ್ಬರು, ಸ್ಲಾವಿಕ್ ಭಾಷೆ ಆಡುವವರು. ಊರ ಬೋರ್ಡುಗಳು ಈಗಲೂ ಎರಡು ಭಾಷೆಯಲ್ಲಿವೆ. ಜರ್ಮನ್ನರಿಗೆ ಈ ಪದ ಎಲ್ಲಿಂದ ಬಂತು ಅಂತ ತಿಳಿಯಲು ನಿಘಂಟು ಬೇಡ, ಆ ಸಂತೆಗೆ ಹೋದರೆ ಸಾಕು.

ಸಂಜೆ_ಪಾರಾಯಣ
ಎಲ್ಲರೂ ಗ್ರೀಸಿಗೆ ಓಡುತ್ತಿದ್ದೀರಿ. ಮನೆಯಲ್ಲೇ ಇರುವುದು ಕಾಣಲಿಲ್ಲವೇ? 'ಉರ್ವಾರುಕಮಿವ ಬಂಧನಾತ್' ಅಂತ ದಿನಾ ಹೇಳುತ್ತೇವೆ. ಉರ್ವಾರುಕ ಅಂದರೆ ಸೌತೆ. ಹಂಗೇರಿಯಲ್ಲಿ ಸೌತೆಗೆ ಉಬೊರ್ಕಾ ಅಂತಾರೆ. ಉರ್ವಾರುಕ, ಉಬೊರ್ಕಾ, ಒಕುರ್ಕಾ. ಇನ್ನೇನು ಬೇಕು?

ನಿಘಂಟು_ಹುಳ
ಸಾಕ್ಷಿ ಬೇಕು ಸ್ವಾಮಿ. ಹಂಗೇರಿಯನ್ನಿನ ಉಬೊರ್ಕಾ ಅವರದೇ ಅಲ್ಲ, ಪಕ್ಕದ ಸ್ಲಾವ್‌ಗಳಿಂದ ಪಡೆದ ಪದ. ಮೊದಲು ಅಲ್ಲೂ ಉಗೊರ್ಕಾ ಇತ್ತು, 'ಗ' ಆಮೇಲೆ 'ಬ' ಆಯ್ತು. ಅಂದರೆ ನೀವು ಹೋಲಿಕೆ ಕಂಡದ್ದು ಕಟ್ಟಕಡೆಯ ರೂಪದಲ್ಲಿ. ಹಿಂದೆ ಹೋದಷ್ಟೂ ಹೋಲಿಕೆ ಕರಗುತ್ತದೆ. ನಿಜವಾದ ನೆಂಟಸ್ತಿಕೆ ಆಗಿದ್ದರೆ ಹಿಂದೆ ಹೋದಷ್ಟೂ ಜಾಸ್ತಿ ಆಗಬೇಕಿತ್ತು.

ಸಂಜೆ_ಪಾರಾಯಣ
ಋಗ್ವೇದದ ಏಳನೇ ಮಂಡಲದಲ್ಲಿರುವ ಪದಕ್ಕಿಂತ ನಿಮ್ಮ ಗ್ರೀಕ್ ಹಳೆಯದೇ?

ನಿಘಂಟು_ಹುಳ
ಹಳೆಯದು ಅಂತ ನಾನು ಹೇಳಿಲ್ಲ. ಹಳೆಯದಾದ ಮಾತ್ರಕ್ಕೆ ಎಲ್ಲರ ಅಪ್ಪ ಆಗುವುದಿಲ್ಲ ಅಂದೆ.

ಮಲೆನಾಡ_ಮಿಡಿ
ಪಾರಾಯಣದವರಿಗೆ ಒಂದು ಪ್ರಶ್ನೆ. ಆ ಮಂತ್ರದಲ್ಲಿ ಕಾಯಿ ತೊಟ್ಟಿನಿಂದ ತಾನೇ ಕಳಚಿಕೊಳ್ಳುತ್ತದೆ. ನಮ್ಮ ಹಿತ್ತಲ ಸೌತೆ ಹಣ್ಣಾಗಿ ಹಳದಿ ತಿರುಗಿದರೂ ಬಳ್ಳಿ ಬಿಡುವುದಿಲ್ಲ, ಬಳ್ಳಿಯೇ ಒಣಗಬೇಕು. ತೊಟ್ಟು ತಾನಾಗಿ ಬಿಡುವುದು ಕರಬೂಜ ಜಾತಿಯದು. ಹಾಗಾಗಿ ಉರ್ವಾರುಕ ಸೌತೆಯೇ ಅಂತ ಹಟ ಹಿಡಿಯುವುದು ಕಷ್ಟ. ಸೌತೆಗೆ ಸಂಸ್ಕೃತದಲ್ಲಿ ತ್ರಪುಷ ಅಂತ ಬೇರೆಯೇ ಪದ ಇದೆ.

ಗಿಡ ಮಾತ್ರ ನಮ್ಮದೇ, ಅದರಲ್ಲಿ ಜಗಳ ಇಲ್ಲ. ಅದರ ಕಾಡು ನೆಂಟ ಈಗಲೂ ಹಿಮಾಲಯದ ತಪ್ಪಲಲ್ಲಿ ಬೆಳೆಯುತ್ತದೆ, ಬಾಯಿಗಿಟ್ಟರೆ ಕಹಿ.

ತುಮಕೂರು_ತರಲೆ
ಗಿಡ ನಮ್ಮದು, ಹೆಸರು ಗ್ರೀಕರದ್ದು, ದಾರಿ ಪೋಲೆಂಡಿನದ್ದು, ಬಾಲ ಡಚ್ಚರದ್ದು, ಲಾಭ ಕಂಪನಿಯದ್ದು. ರೈತನಿಗೆ ಏನು ಉಳೀತು?

ಹಡಗಲಿ_ಹೊಲ
ಕೈ ತುರಿಕೆ ಉಳೀತು. ನಗಬೇಡಿ, ಎಳೆ ಕಾಯಿ ಮೇಲೆ ಸಣ್ಣ ಮುಳ್ಳು ಇರುತ್ತದೆ. ಬರಿಗೈಯಲ್ಲಿ ಬೆಳಗ್ಗೆಯಿಂದ ಬಿಡಿಸಿದರೆ ಸಂಜೆಗೆ ಬೆರಳು ಉರಿಯುತ್ತದೆ.

ಇದರಲ್ಲಿ ತೂಕಕ್ಕಿಂತ ಎಣಿಕೆ ಮುಖ್ಯ. ಒಂದು ಕೆಜಿಗೆ ಎಷ್ಟು ಕಾಯಿ ಬರುತ್ತವೆ ಅನ್ನೋದರ ಮೇಲೆ ಗ್ರೇಡು. 160ಕ್ಕಿಂತ ಜಾಸ್ತಿ ಬಂದರೆ ಅದೇ ಒಳ್ಳೆ ರೇಟು, ಕಿರುಬೆರಳಷ್ಟೇ ಇರುತ್ತವೆ. ಒಂದು ದಿನ ಬಿಡಿಸುವುದು ತಪ್ಪಿದರೆ ಕಾಯಿ ಊದಿ ಕೆಳಗಿನ ಗ್ರೇಡಿಗೆ ಹೋಯ್ತು. ಎರಡು ದಿನ ತಪ್ಪಿದರೆ ಎಮ್ಮೆಗೆ ಹೋಯ್ತು. ಮದುವೆ, ಜಾತ್ರೆ, ಸಾವು, ಯಾವುದೂ ಅದಕ್ಕೆ ಗೊತ್ತಿಲ್ಲ. ನಿಘಂಟು ಹುಳ ಅವರು ಎಳಸು ಅಂದರಲ್ಲ, ನಮ್ಮ ಕಡೆ ಇಡೀ ವ್ಯಾಪಾರ ನಿಂತಿರುವುದೇ ಎಳಸಿನ ಮೇಲೆ.

ಕೆಂಪುನೆಲ
ಹಡಗಲಿಯವರು ಹೇಳಿದ್ದು ನಿಜ. ಕೂಲಿ ಸಿಗದೆ ನಾವು ಬಿಟ್ಟೆವು. ಒಳ್ಳೆ ಹೊತ್ತಲ್ಲಿ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ರೇಡು ಹಾಕುವವನು ಅವರ ಕಡೆಯವನು, ಅದೇ ತಕರಾರು. ನಾವು ಎಣಿಸಿದಾಗ ಮೇಲಿನ ಗ್ರೇಡು, ಅವನು ಎಣಿಸಿದಾಗ ಕೆಳಗಿನದು.

ಲೆಕ್ಕದ_ಪುಸ್ತಕ
ಅಂಕಿ ಬೇಕಾದವರಿಗೆ: ಭಾರತದಲ್ಲಿ ಗರ್ಕಿನ್ ಶುರುವಾದದ್ದೇ ಕರ್ನಾಟಕದಲ್ಲಿ, 1990ರ ದಶಕದಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹೋಯ್ತು. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿಗೆ ಬೇಕಾದ ಗರ್ಕಿನ್‌ನಲ್ಲಿ ಸುಮಾರು 15 ಶೇಕಡಾ ಭಾರತದ್ದು. ಗುತ್ತಿಗೆ ಪದ್ಧತಿಯಲ್ಲಿ ಸುಮಾರು 90,000 ಸಣ್ಣ ರೈತರು, 65,000 ಎಕರೆ. 90 ದಿನದ ಬೆಳೆ, ವರ್ಷಕ್ಕೆ ಎರಡು ಸಲ. ಕೊಳ್ಳುವವರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಜೊತೆ ರಷ್ಯಾ ಕೂಡ ಇದೆ. ಒಗುರೆಟ್ಸ್ ಅನ್ನುವವರಿಗೇ ನಾವು ಒಗುರೆಟ್ಸ್ ಮಾರುತ್ತಿದ್ದೇವೆ.

ಬರ್ಲಿನ್_ಬಸವ
ನಿಜ. ಇಲ್ಲಿ ಅಗ್ಗದ ಸೀಸೆಗಳ ಹಿಂದೆ ಸಣ್ಣ ಅಕ್ಷರದಲ್ಲಿ 'ಇಂಡಿಯೆನ್' ಅಂತ ಇರುವುದನ್ನು ಓದಿದ್ದೇನೆ. ಸ್ಪ್ರೇವಾಲ್ಡ್ ಸೀಸೆಯ ಅರ್ಧ ಬೆಲೆ.

ದ್ರಾಕ್ಷಿ_ತೋಟ
ನನ್ನ ತಲೆಯಲ್ಲಿ ಬೇರೆ ಹುಳ. ಗ್ರೀಕಿನ ಅಂಗೂರಿ, ಹಿಂದಿಯ ಅಂಗೂರ್. ಇದು ಕಾಕತಾಳೀಯವೇ? ದ್ರಾಕ್ಷಿಯೂ ಹುಳಿ, ಎಳೆಯದೂ ಹುಳಿ.

ನಿಘಂಟು_ಹುಳ
ಒಳ್ಳೆ ಪ್ರಶ್ನೆ. ಉರ್ವಾರುಕಕ್ಕಿಂತ ಇದರಲ್ಲಿ ಜೀವ ಇದೆ. ಗ್ರೀಕ್ ಪದ ಪರ್ಷಿಯನ್ ಕಡೆಯಿಂದ ಬಂದಿರಬಹುದು ಅಂತ ಊಹಿಸಿದವರು ಇದ್ದಾರೆ. ಆದರೆ ಹೆಚ್ಚಿನ ನಿಘಂಟುಗಳು ಅಗೂರೋಸ್ ಕಡೆಗೇ ನಿಲ್ಲುತ್ತವೆ, ಯಾಕೆಂದರೆ ಅದಕ್ಕೆ ಗ್ರೀಕಿನಲ್ಲೇ ಬೇರು ಇದೆ. ಹಳೆಯ ರೂಪ 'ಆಓರೋಸ್': 'ಅ' ಅಂದರೆ ಇಲ್ಲದ್ದು, 'ಹೋರಾ' ಅಂದರೆ ಕಾಲ. ಇನ್ನೂ ಕಾಲ ಬಾರದ್ದು ಅಂತ. ನಮ್ಮ ಜ್ಯೋತಿಷಿಗಳು ಶುಕ್ರ ಹೋರೆ, ಗುರು ಹೋರೆ ಅಂತಾರಲ್ಲ, ಆ ಹೋರಾ ಕೂಡ ಗ್ರೀಕಿನದೇ, ಇದೇ ಪದ. ಇಂಗ್ಲಿಷಿನ ಅವರ್ ಕೂಡ ಅದರದ್ದೇ ಸಂತಾನ.

ಇನ್ನೊಂದು ತಮಾಷೆ. ಇವತ್ತಿನ ಗ್ರೀಕಿನಲ್ಲಿ ಹುಡುಗನಿಗೆ 'ಅಗೋರಿ' ಅಂತಾರೆ. ಅದೂ ಅಗೂರೋಸ್‌ನಿಂದ ಬಂದದ್ದೇ. ನಾವೂ "ಅವನಿನ್ನೂ ಎಳಸು ಬಿಡಿ" ಅಂತೀವಲ್ವಾ, ಅಲ್ಲಿ ಹೆಸರೇ ಅದಾಯ್ತು.

ಸಂಜೆ_ಪಾರಾಯಣ
ಹೋರಾ ಶಬ್ದ 'ಅಹೋರಾತ್ರ'ದ ಮೊದಲ, ಕೊನೆಯ ಅಕ್ಷರ ಬಿಟ್ಟು ಆದದ್ದು. ವರಾಹಮಿಹಿರನೇ ಹೇಳಿದ್ದಾನೆ.

ನಿಘಂಟು_ಹುಳ
ಕೆಲವರು ಹಾಗೆ ಹೇಳುತ್ತಾರೆ ಅಂತ ಅವನು ಬರೆದ. ಅದೇ ವರಾಹಮಿಹಿರ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ ಅಂತ ಗ್ರೀಕ್ ಹೆಸರುಗಳನ್ನೂ ಪಟ್ಟಿ ಕೊಟ್ಟ. ಯವನರಿಂದ ಕಲಿತದ್ದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ ಇರಲಿಲ್ಲ, ನಮಗೆ ಯಾಕೆ?

ಅಡುಗೆಮನೆ_ಅಕ್ಕ
ಸೌತೆಕಾಯಿ ಇಂದ ಜಾತಕಕ್ಕೆ ಬಂದಿರಿ. ಶಭಾಷ್.

ಸಾವಾ_ದಂಡೆ
ಕೆಲಸದ ಮೇಲೆ ಬೆಲ್‌ಗ್ರೇಡಿನಲ್ಲಿದ್ದೇನೆ. ನೀವು ಸ್ಲಾವಿಕ್ ಅಂತ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದ್ದೀರಿ. ಇಲ್ಲಿ ಒಗುರೆಕ್ ಅಂದರೆ ತರಕಾರಿ ಅಂಗಡಿಯವಳು ಮುಖ ಮುಖ ನೋಡುತ್ತಾಳೆ. ಸರ್ಬಿಯನ್‌ನಲ್ಲಿ ಸೌತೆ 'ಕ್ರಾಸ್ತವಾಟ್ಸ್', ಬಲ್ಗೇರಿಯನ್‌ನಲ್ಲಿ 'ಕ್ರಾಸ್ತವಿತ್ಸಾ'. 'ಕ್ರಾಸ್ತಾ' ಅಂದರೆ ಗಾಯದ ಮೇಲೆ ಕಟ್ಟುವ ಹೆಕ್ಕಳೆ. ಹೆಕ್ಕಳೆಕಾಯಿ! ಸಿಪ್ಪೆಯ ಗಂಟು ನೋಡಿ ಇಟ್ಟ ಹೆಸರು. ರೊಮೇನಿಯಾದವರೂ ಇದನ್ನೇ ಎತ್ತಿಕೊಂಡು 'ಕಾಸ್ತ್ರವೇತೆ' ಮಾಡಿಕೊಂಡಿದ್ದಾರೆ.

ವಿಚಿತ್ರ ಏನೆಂದರೆ ಗ್ರೀಸಿಗೆ ಹತ್ತಿರ ಇರುವವರು ಇವರು. ಗ್ರೀಕ್ ಪದ ಹಿಡಿದುಕೊಂಡವರು ದೂರದ ಪೋಲೆಂಡ್, ರಷ್ಯಾದವರು.

ಹಡಗಲಿ_ಹೊಲ
ಹೆಕ್ಕಳೆಕಾಯಿ ಅನ್ನೋದು ನಮ್ಮ ಗರ್ಕಿನ್‌ಗೆ ಇನ್ನೂ ಸರಿ ಹೋಗುತ್ತದೆ. ನಾಳೆಯಿಂದ ಅದೇ.

ಕೆಂಪುನೆಲ
ಹಾಗಾದರೆ ಮೂಲ ಪ್ರಶ್ನೆಗೆ ಉತ್ತರ 'ಅಲ್ಲ' ಅಂತಾಯ್ತು. ಸ್ಲಾವಿಕ್ ಮೂಲ ಅಲ್ಲ, ಗ್ರೀಕ್ ಮೂಲ. ಸ್ಲಾವ್‌ಗಳು ನಡುವಿನ ದಲ್ಲಾಳಿಗಳು.

ಬರ್ಲಿನ್_ಬಸವ
ಒಪ್ಪಲ್ಲ. ಜರ್ಮನ್ ಬಾಯಿಗೆ ಅದು ಬಂದದ್ದು ಸ್ಲಾವ್ ಬಾಯಿಂದ. ನಮ್ಮ ಅಲಮಾರಿಯನ್ನು ಏನಂತೀರಿ? ಪೋರ್ಚುಗೀಸ್ ಪದ ಅಂತೀವಿ. ಅವರಿಗೆ ಅದು ಲ್ಯಾಟಿನ್ನಿಂದ ಬಂತು, ಅಲ್ಲಿ ಆಯುಧ ಇಡುವ ಪೆಟ್ಟಿಗೆ. ಹಾಗಂತ ಗೋವಾ ಕಡೆಗೆ ರೋಮನ್ನರು ಬಂದು ಅಲಮಾರಿ ಇಳಿಸಿದರು ಅಂತ ಯಾರೂ ಹೇಳುವುದಿಲ್ಲ. ಯಾರ ಕೈಯಿಂದ ತಗೊಂಡಿರೋ ಅವರ ಹೆಸರು ಹೇಳಬೇಕು.

ಕೆಂಪುನೆಲ
ಕೊಟ್ಟವನ ಹೆಸರು ಹೇಳೋಣ, ಹುಟ್ಟಿದ ಊರನ್ನೂ ಹೇಳೋಣ. ಎರಡನ್ನೂ ಮೂಲ ಅಂತ ಒಂದೇ ಪದದಲ್ಲಿ ಕರೆದರೆ ಜಗಳ ಮುಗಿಯೋದೇ ಇಲ್ಲ.

ಮಲೆನಾಡ_ಮಿಡಿ
ಅದೇ ಗ್ರೀಕ್ ಪದ ಇಟಲಿಗೆ ಹೋಗಿ ಏನಾಗಿದೆ ನೋಡಿ. ಉತ್ತರ ಇಟಲಿಯಲ್ಲಿ 'ಅಂಗೂರಿಯಾ' ಅಂದರೆ ಕಲ್ಲಂಗಡಿ! ಉತ್ತರಕ್ಕೆ ಹೋದದ್ದು ಸೌತೆ ಆಯ್ತು, ಪಶ್ಚಿಮಕ್ಕೆ ಹೋದದ್ದು ಕಲ್ಲಂಗಡಿ ಆಯ್ತು. ಬಳ್ಳಿ ಮೇಲೆ ಬಿಡುವ ನೀರುಕಾಯಿಗಳ ಹೆಸರು ಎಲ್ಲೆಲ್ಲೂ ಹೀಗೇ ಗೋಜಲು. ನಮ್ಮಲ್ಲೂ ಮುಳ್ಳುಸೌತೆ, ಸಾಂಬಾರ್ ಸೌತೆ ಎರಡೂ ಸೌತೆಯೇ, ಜಾತಿ ಬೇರೆ. ಮಂಗಳೂರಿನ ಸಾಂಬಾರ್ ಸೌತೆ ಕರಬೂಜದ ನೆಂಟ. ತುಳುವಿನಲ್ಲಿ ಅದು ತೌತೆ.

ಗಾಂಧಿಬಜಾರ್_ಗಾಳಿ
ಲಂಡನ್ನಿನಲ್ಲಿ ಗರ್ಕಿನ್ ಅಂತ ಕಟ್ಟಡವೇ ಇದೆ. 2004ರಲ್ಲಿ ತೆರೆದದ್ದು, ನಾರ್ಮನ್ ಫಾಸ್ಟರ್ ವಿನ್ಯಾಸ. ನಮ್ಮಲ್ಲಿ ಬದನೆಕಾಯಿ ಕಟ್ಟಡ ಯಾವಾಗ?

ತುಮಕೂರು_ತರಲೆ
ಇದೆಯಲ್ಲ, ನಮ್ಮ ಮೇಲ್ಸೇತುವೆಗಳೆಲ್ಲಾ ಪಡವಲಕಾಯಿ.

ಹಳೆ_ಪೇಪರ್
ಪತ್ರಿಕೆ ಕೆಲಸದಲ್ಲಿದ್ದವನು ನಾನು. ನನಗೆ ಇಷ್ಟವಾದದ್ದು ಜರ್ಮನ್ನರ 'ಸೌರೆಗುರ್ಕೆನ್‌ತ್ಸೈಟ್'. ಹುಳಿಸೌತೆ ಕಾಲ. ಬೇಸಿಗೆಯ ನಡುವೆ ಊರೆಲ್ಲಾ ರಜೆಗೆ ಹೋಗಿ, ಸುದ್ದಿಯೇ ಇಲ್ಲದೆ, ಪತ್ರಿಕೆಗಳು ಮೊಸಳೆ ಕಂಡಿತು, ದೆವ್ವ ಕಂಡಿತು ಅಂತ ಬರೆಯುವ ಕಾಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಬರ್ಲಿನ್ ವ್ಯಾಪಾರಿಗಳ ಬಾಯಲ್ಲಿ ಇತ್ತು, ಆಗ ಅರ್ಥ ವ್ಯಾಪಾರ ಬಿದ್ದುಹೋದ ತಿಂಗಳು ಅಂತ. ಸೌತೆ ಹುಳಿಗೆ ಹಾಕುವ ಹೊತ್ತಿಗೇ ಅದು ಬರುತ್ತಿತ್ತು. ಪೋಲಿಷ್, ಚೆಕ್, ಹಂಗೇರಿಯನ್, ನಾರ್ವೇಜಿಯನ್ ಎಲ್ಲರಲ್ಲೂ ಈ ಮಾತು ಇದೆ. ಪದ ಪೂರ್ವದಿಂದ ಪಶ್ಚಿಮಕ್ಕೆ ಬಂತು, ನುಡಿಗಟ್ಟು ವಾಪಸ್ ಪೂರ್ವಕ್ಕೂ ಹೋಯ್ತು.

ನಮ್ಮ ಆಷಾಢದ ಹಾಗೆ. ತಿಂಗಳೂ ಹೆಚ್ಚು ಕಡಿಮೆ ಅದೇ.

ಅಡುಗೆಮನೆ_ಅಕ್ಕ
ಆಷಾಢದಲ್ಲಿ ಸೀರೆ ಡಿಸ್ಕೌಂಟಾದರೂ ಇರುತ್ತದೆ. ಅಲ್ಲಿ ಬರೀ ಹುಳಿಸೌತೆ.

ಫಿಸಿಕ್ಸ್_ಪಾಠ
ಬರ್ಲಿನ್ ಬಸವ ಅವರೇ, ಜರ್ಮನ್‌ನಲ್ಲಿ ಇನ್ನೂ ಯಾವ ಮನೆಪದ ಸ್ಲಾವಿಕ್? ಕ್ವಾರ್ಕ್ ಕೂಡ ಅಂತ ಕೇಳಿದ್ದೆ.

ಬರ್ಲಿನ್_ಬಸವ
ಹೌದು, ಕ್ವಾರ್ಕ್ ಅಂದರೆ ಗಟ್ಟಿ ಮೊಸರಿನಂಥ ತಾಜಾ ಚೀಸ್. ಪೋಲಿಷ್‌ನ ತ್ವಾರುಗ್, ರಷ್ಯನ್ನಿನ ತ್ವೊರೊಗ್ ಅದರ ನೆಂಟರು. ಇಲ್ಲಿನ ಕನ್ನಡದವರು ಶ್ರೀಖಂಡ ಮಾಡುವುದು ಇದರಲ್ಲೇ, ಬಟ್ಟೆ ಕಟ್ಟಿ ನೀರು ಇಳಿಸುವ ಕೆಲಸ ಇಲ್ಲ. "ಸೋ ಐನ್ ಕ್ವಾರ್ಕ್" ಅಂದರೆ ಏನು ಬೊಗಳೆ ಅಂತ. ಗಡಿಗೆ 'ಗ್ರೆಂತ್ಸೆ' ಅಂತಾರೆ, ಅದು ಪೋಲಿಷ್‌ನ ಗ್ರಾನಿತ್ಸಾ. ಚಾವಟಿಗೆ 'ಪೈಚೆ', ಅದೂ ಅವರದ್ದೇ.

ಫಿಸಿಕ್ಸ್_ಪಾಠ
ಪ್ರೋಟಾನ್ ಒಳಗಿನ ಕಣದ ಹೆಸರೂ ಕ್ವಾರ್ಕ್. ಹಾಗಾದರೆ ಪ್ರೋಟಾನ್ ಒಳಗಿರುವುದು ಮೊಸರು ಅಂತ ಮಕ್ಕಳಿಗೆ ಹೇಳಬಹುದು.

ನಿಘಂಟು_ಹುಳ
ಬೇಡ. ಮರ್ರೆ ಗೆಲ್-ಮನ್ 1964ರಲ್ಲಿ ಆ ಕಣಕ್ಕೆ ಇಟ್ಟ ಹೆಸರಿನ ಸ್ಪೆಲ್ಲಿಂಗ್ ಜೇಮ್ಸ್ ಜಾಯ್ಸ್ ಕಾದಂಬರಿಯ ಒಂದು ಸಾಲಿನದ್ದು. ಚೀಸಿನಿಂದ ತೆಗೆದದ್ದಲ್ಲ.

ಕೆಂಪುನೆಲ
ನಿಮ್ಮ ಹತ್ತಿರ ಯಾವ ತಮಾಷೆಯೂ ಉಳಿಯಲ್ಲ ಬಿಡಿ.

ಅಡುಗೆಮನೆ_ಅಕ್ಕ
ಪದ ಸಾಕು, ತಿನ್ನೋದು ಹೇಳಿ. ಇಷ್ಟು ಜನ ಬೆಳೆಯುತ್ತೀರಿ, ಮಾರುತ್ತೀರಿ, ಜಗಳ ಆಡುತ್ತೀರಿ. ವಿನೆಗರ್ ಇಲ್ಲದೆ ಹಾಕುವುದು ಹೇಗೆ ಅಂತ ಯಾರಿಗಾದರೂ ಗೊತ್ತೇ?

ಸಾವಾ_ದಂಡೆ
ನಮ್ಮ ಆಫೀಸಿನ ರಷ್ಯನ್ ಹೆಂಗಸೊಬ್ಬರು ಮಾಡುತ್ತಾರೆ. 'ಮಲಸೋಲ್ನಿ', ಕಡಿಮೆ ಉಪ್ಪಿನದು. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಕಲ್ಲುಪ್ಪು. ಬೆಳ್ಳುಳ್ಳಿ, ಕಾಳುಮೆಣಸು, ಸಬ್ಬಸಿಗೆ ದಂಟು ಹೂವಿನ ಸಮೇತ. ಕಾಯಿಯ ಎರಡೂ ತುದಿ ಕತ್ತರಿಸಬೇಕು, ಮುಖ್ಯವಾಗಿ ಹೂವಿನ ಕಡೆಯದ್ದು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಕಾಯಿ ಪೂರ್ತಿ ಮುಳುಗಿರಬೇಕು, ಮೇಲೆ ಸಣ್ಣ ಬಟ್ಟಲು ಹೇರಿ. ಆ ನೀರನ್ನು ಚೆಲ್ಲಬೇಡಿ, ಅದಕ್ಕೆ 'ರಸ್ಸೋಲ್' ಅಂತಾರೆ, ಸೂಪಿಗೆ ಹಾಕುತ್ತಾರೆ. ರಾತ್ರಿ ಜಾಸ್ತಿ ಕುಡಿದವರು ಬೆಳಗ್ಗೆ ಹಾಗೇ ಕುಡಿಯುತ್ತಾರೆ.

ಮಲೆನಾಡ_ಮಿಡಿ
ಅಪ್ಪೆಮಿಡಿ ಉಪ್ಪುನೀರಿನ ಕಥೆಯೇ ಇದು. ಉಪ್ಪು ಮಾತ್ರ ನಾವು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಾಕುತ್ತೇವೆ.

ಅಡುಗೆಮನೆ_ಅಕ್ಕ
ಬೆಂಗಳೂರು ಸೆಕೆಗೆ ಎಷ್ಟು ದಿನ ಹೊರಗಿಡಬೇಕು? ಅಲ್ಲಿನ ಲೆಕ್ಕ ಇಲ್ಲಿ ನಡೆಯಲ್ಲ.

ಸಾವಾ_ದಂಡೆ
ಒಂದೂವರೆ, ಎರಡು ದಿನ ಸಾಕು. ನೀರು ಮಬ್ಬಾಗಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಆಗಿದೆ ಅಂತ ಅರ್ಥ, ಆಮೇಲೆ ಫ್ರಿಜ್. ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ ಎಸೆಯಿರಿ, ಕೆರೆದು ತಿನ್ನಬೇಡಿ.

ಹಡಗಲಿ_ಹೊಲ
ಅಕ್ಕ, ನೀವು ಮಾರ್ಕೆಟ್ಟಿನ ಮುಳ್ಳುಸೌತೆಯಲ್ಲಿ ಮಾಡಬೇಡಿ, ಬೀಜ ಜಾಸ್ತಿ. ಬೇಕಾದರೆ ಕೆಳಗಿನ ಗ್ರೇಡಿನದ್ದು ಒಂದು ಚೀಲ ಬಸ್ಸಿಗೆ ಹಾಕಿಸುತ್ತೇನೆ. ಎಮ್ಮೆಗೂ ಸಾಕಾಗಿದೆ.